ಸೊಂಟಕ್ಕೆ ಕೊಡಿ ನಾಲ್ಕು ಬೆರಳು

ನೀಲಾವತಿಯ ಕೂದಲಿನ ಕೊಡಿಗೆ ಆರು ತಿಂಗಳಲ್ಲಿ ತಗಲಿದ ಖರ್ಚು ಇಷ್ಟು: ತೆಂಗಿನೆಣ್ಣೆ ಐದು ಕುಪ್ಪಿ, ಕುಪ್ಪಿಗೆ ಒಂದೂವರೆಯಂತೆ ಏಳೂವರೆ ರೂಪಾಯಿ, ಮರದ ಬಾಚಣಿಗೆ ಹನ್ನೆರಡಾಣೆ, ತಲೆದಿಂಬಿಗೆ ಹೊದಿಸಲು ಹಳೆ ರೇಷ್ಮೆ ಸೀರೆಯ ತುಂಡು ಎರಡು ರೂಪಾಯಿ. ಒಟ್ಟು ಹತ್ತೂಕಾಲು. ಅಷ್ಟು ಸಂಪಾದಿಸಬೇಕಾದರೆ ಮಡಂತ್ಯಾರಿನ ದರ್ಜಿ ರುಕ್ಮಯ್ಯ ಹತ್ತು ಅಂಗಿ ಹೊಲಿದು ಹನ್ನೊಂದನೆಯದಕ್ಕೆ ಕಾಲರ್ ಹಾಕಬೇಕು.

ಕೊಡಿ ಅಂದರೆ ತುದಿ. ಆ ಊರಲ್ಲಿ ಬಾಳೆಲೆಯ ತುದಿಯೂ ಕೊಡಿ, ಕೂದಲಿನ ತುದಿಯೂ ಕೊಡಿ. ರುಕ್ಮಯ್ಯನ ತಂಗಿ ನೀಲಾವತಿಯ ಮದುವೆ ಆ ಕೊಡಿಯ ಮೇಲೆಯೇ ನಿಂತಿತ್ತು. ಅವಳಿಗೆ ಇಪ್ಪತ್ತಮೂರು ದಾಟಿತ್ತು, ಎರಡು ಸಂಬಂಧ ತಪ್ಪಿಹೋಗಿತ್ತು. ಮೂರನೆಯದು ಚಾರ್ಮಾಡಿ ಘಾಟಿಯ ಮೇಲಿನದು. ಹುಡುಗ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್. ಅವನ ತಾಯಿ ಲಕ್ಕಮ್ಮನದು ಒಂದೇ ಹಟ: ಸೊಸೆಯ ಜಡೆ ಸೊಂಟ ಮುಟ್ಟಬೇಕು.

ರುಕ್ಮಯ್ಯ ಟೇಪು ಹಿಡಿದು ಅಳೆದ. ನಾಲ್ಕು ಬೆರಳು ಕಡಿಮೆ. ಸುಳ್ಳು ಹೇಳಲು ಮನಸ್ಸು ಬಾರದೆ ಒಂದು ಕಾರ್ಡು ಬರೆದು ಹಾಕಿದ:

"ಹುಡುಗಿ ವಿಷಯ ಎಲ್ಲ ಸರಿ ಉಂಟು ಸೊಂಟಕ್ಕೆ ಕೊಡಿ ನಾಲ್ಕು ಬೆರಳು ಬೇಕು ಆರು ತಿಂಗಳು ಕಾಯುವ"

ಅಂಗಿಗೆ ಗುಂಡಿ ಹಾಕಲು ಎಂದೂ ಮರೆಯದವನು ಕಾಗದಕ್ಕೆ ಚುಕ್ಕಿ ಹಾಕಿದವನಲ್ಲ. ವಾರದೊಳಗೆ ಉತ್ತರ ಬಂತು: "ಆಗಲಿ. ಆರು ತಿಂಗಳಿಗೆ ಬರುತ್ತೇವೆ. ನಮ್ಮ ಕೈಲಾದಷ್ಟು ನೋಡುತ್ತೇವೆ."

"ಕೂದಲು ನಮ್ಮದು, ಅವರ ಕೈಯಲ್ಲಿ ಆಗುವುದು ಎಂಥದು?" ಎಂದು ನೀಲಾವತಿ ಕೇಳಿದಳು.

"ಘಟ್ಟದವರ ಮರ್ಯಾದೆಯ ಮಾತು ಅದು" ಎಂದ ರುಕ್ಮಯ್ಯ.

ಅಂದಿನಿಂದ ಪಕ್ಕದ ಮನೆಯ ಸೇಸಮ್ಮ ಕೂದಲಿನ ಅಧಿಕಾರ ವಹಿಸಿಕೊಂಡಳು. "ಕೂದಲು ಬೆಳೆಯುವುದು ಬುಡದಲ್ಲಿ, ಹಾಳಾಗುವುದು ಕೊಡಿಯಲ್ಲಿ. ಮೇಲೆ ಬೆಳೆದದ್ದು ಕೆಳಗೆ ಸೀಳಿ ಉದುರಿದರೆ ಉದ್ದ ಎಲ್ಲಿಂದ ಬರ್ತದೆ? ಕೊಡಿ ಕಾಯಿರಿ" ಎಂಬುದು ಅವಳ ಆಜ್ಞೆ. ಮಿಂದ ಮೇಲೆ ಬೈರಾಸಿನಲ್ಲಿ ತಿಕ್ಕಬಾರದು, ಒತ್ತಿ ನೀರು ತೆಗೆಯಬೇಕು. ಪಸೆ ಆರುವ ಮೊದಲೇ ಕೊಡಿಗೆ ನಾಲ್ಕು ಹನಿ ಎಣ್ಣೆ. ಬಾಚುವುದು ಕೆಳಗಿನಿಂದ ಮೇಲಕ್ಕೆ. ರುಕ್ಮಯ್ಯ ಮಲ್ಲು ಬಟ್ಟೆಯಲ್ಲಿ ಲಾಡಿ ಇಟ್ಟು ಒಂದು ಪುಟ್ಟ ಚೀಲ ಹೊಲಿದುಕೊಟ್ಟ. ಎಣ್ಣೆ ಹಚ್ಚಿದ ಕೊಡಿ ಅದರೊಳಗೆ ಹಸುಗೂಸಿನಂತೆ ಮಲಗುತ್ತಿತ್ತು. ಆರು ತಿಂಗಳ ಕೊನೆಯ ಶನಿವಾರ ಅಳೆದಾಗ ಕೊಡಿ ಸರಿಯಾಗಿ ಸೊಂಟಕ್ಕೆ ಮುಟ್ಟಿತ್ತು. ಮಾರನೆಯ ದಿನ ಮಧ್ಯಾಹ್ನ ಮೂರರ ಬಸ್ಸಿಗೆ ಘಟ್ಟದವರು ಬರುವವರಿದ್ದರು.

ಭಾನುವಾರ ಬೆಳಿಗ್ಗೆ ರುಕ್ಮಯ್ಯ ತಂಗಿಯ ಹೊಸ ರವಕೆಗೆ ತೋಳು ಕೂರಿಸುತ್ತಿದ್ದ. ನೀಲಾವತಿ ಮೆಷಿನಿಗೆ ಬೆನ್ನು ಹಾಕಿ ಕೆಳಗೆ ಕೂತು ಸೆರಗಿನ ಅಂಚು ಮಡಚುತ್ತಿದ್ದಳು. ಕಡೆಯ ಸಲ ಎಣ್ಣೆ ಹಚ್ಚಿದ್ದ ಸೇಸಮ್ಮ, ಜಡೆ ನೆಲಕ್ಕೆ ತಾಗಿ ಧೂಳಾದೀತೆಂದು ಚೀಲಸಮೇತ ಅದನ್ನೆತ್ತಿ ಮೆಷಿನಿನ ಹಲಗೆಯ ಮೇಲಿಟ್ಟಳು. ಚೀಲವೂ ಬಿಳಿ, ರವಕೆಯ ಒಳಬಟ್ಟೆಯೂ ಬಿಳಿ.

ಆಗ ಒಳಗೆ ಬಂದವನು ತುಕ್ರಪ್ಪ. ಶಾಲೆಯ ನಾಟಕಗಳಲ್ಲಿ ರಾಣಿಯ ಪಾತ್ರ ಮಾಡುವವನು, ಕರೆಯದೆ ಬರುವವನು. "ಎಂಥ ರುಕ್ಮಯ್ಯ, ಘಟ್ಟದ ಹೆಂಗಸು ಟೇಪು ಹಿಡ್ಕೊಂಡು ಬರ್ತಾಳಂತೆ, ಹೌದಾ?"

"ಯಾರು ಹೇಳಿದ್ದು?" ರುಕ್ಮಯ್ಯನ ಕಾಲು ಗಾಬರಿಯಲ್ಲಿ ಪೆಡಲು ಒತ್ತಿತು. ಮೆಷಿನು ಕಟಕಟಕಟ ಎಂದು ಓಡಿ, ಗಂಟಲಿಗೆ ಮುಳ್ಳು ಸಿಕ್ಕಿದ ನಾಯಿಯಂತೆ ಕೆಮ್ಮಿ ನಿಂತಿತು.

"ಅಣ್ಣಾ, ಜಡೆ ಎಳೀಬೇಡ!" ಎಂದಳು ನೀಲಾವತಿ.

"ನಾನೆಲ್ಲಿ ಎಳೆದೆ?" ಎಂದು ರುಕ್ಮಯ್ಯ ಕೆಳಗೆ ನೋಡಿದ. ಚೀಲ, ಚೀಲದೊಳಗಿನ ಕೊಡಿ, ರವಕೆಯ ಎಡತೋಳು, ಮೂರೂ ಸೇರಿ ಒಂದೇ ಹೊಲಿಗೆ. ಅವನು ಜನ್ಮದಲ್ಲಿ ಹಾಕಿದ ಹೊಲಿಗೆಗಳಲ್ಲಿ ಇಷ್ಟು ನೇರ, ಇಷ್ಟು ಗಟ್ಟಿ ಇನ್ನೊಂದಿರಲಿಲ್ಲ.

"ಚಕ್ರ ಹಿಂದೆ ತಿರುಗಿಸು ಮಾರಾಯ" ಎಂದ ತುಕ್ರಪ್ಪ, ತಾನೇ ತಿರುಗಿಸಿಯೂಬಿಟ್ಟ. ಇನ್ನಷ್ಟು ಕೂದಲು ಸೂಜಿಯ ಕೆಳಗೆ ಹೋಗಿ ಬಾಬಿನ್ ಡಬ್ಬಿಗೆ ಸುತ್ತಿಕೊಂಡಿತು. ಸೇಸಮ್ಮ ಒಂದು ಕಡೆ ಎಳೆದಳು, ತುಕ್ರಪ್ಪ ಇನ್ನೊಂದು ಕಡೆ ಎಳೆದ, ನಡುವೆ ನೀಲಾವತಿ ಕಟ್ಟಿಹಾಕಿದ ಕರುವಿನಂತೆ ಕೂಗಿದಳು. ಹನ್ನೊಂದು ಗಂಟೆಯವರೆಗೆ ಹೊಲಿಗೆ ಬಿಚ್ಚಿದರು. ಎಣ್ಣೆಯಲ್ಲಿ ನೂಲು ಜಾರುತ್ತಿತ್ತು, ಕೂದಲು ತುಂಡಾಗುತ್ತಿತ್ತು. ಕಡೆಗೆ ನೀಲಾವತಿಯೇ ಕತ್ತರಿ ಎತ್ತಿ ಅಣ್ಣನ ಕೈಗಿತ್ತಳು. "ಕತ್ತರಿಸು. ಅವರು ಬರುವಾಗ ಮೆಷಿನು ಹೊತ್ತುಕೊಂಡು ಕಾಫಿ ಕೊಡ್ಲಿಕ್ಕೆ ನನ್ನಿಂದ ಆಗುವುದಿಲ್ಲ."

ರುಕ್ಮಯ್ಯ ಕಣ್ಣು ಮುಚ್ಚಿ ಕತ್ತರಿಸಿದ. ತೆರೆದು ಅಳೆದ. ಸೊಂಟಕ್ಕೆ ನಾಲ್ಕು ಬೆರಳು ಕಡಿಮೆ.

"ಇದ್ದ ವಿಷಯ ಹೇಳುವ" ಎಂದ ರುಕ್ಮಯ್ಯ.

"ಆರು ತಿಂಗಳು ಕಾಯಿಸಿ, ರವಕೆಗೆ ಹೊಲಿದೆ ಅಂತ ಹೇಳ್ತೀಯಾ? ಯಾರು ನಂಬ್ತಾರೆ?" ಎಂದಳು ಸೇಸಮ್ಮ.

ತುಕ್ರಪ್ಪ ಹೊರಟುಹೋಗಿ, ನಾಟಕದ ಪೆಟ್ಟಿಗೆಯಿಂದ ತನ್ನ ಚೌರಿ ತಂದ. ರಾಣಿಯ ಚೌರಿಗೆ ನುಸಿಗುಳಿಗೆಯ ವಾಸನೆ. ಬಣ್ಣ ಸ್ವಲ್ಪ ಕೆಂಪು. ಸೇಸಮ್ಮ ಅದನ್ನು ನೀಲಾವತಿಯ ಕೂದಲಿಗೆ ಸೇರಿಸಿ ಹೆಣೆದು, ಕೂಡಿದ ಜಾಗಕ್ಕೆ ಒಂದು ಚೆಂಡು ಮಲ್ಲಿಗೆ ಸುತ್ತಿದಳು. ಬೇರೆ ಹೊಸ ರವಕೆ ಇರಲಿಲ್ಲ. ಚೀಲ ಕತ್ತರಿಸಿ ತೆಗೆದು, ಹೊಲಿಗೆಯೊಳಗೆ ಸಿಕ್ಕಿದ್ದ ಕೂದಲನ್ನು ಹಾಗೆಯೇ ಬಿಟ್ಟು ಆ ರವಕೆಯನ್ನೇ ತೊಡಿಸಿದರು.

"ಅಣ್ಣಾ, ಕಂಕುಳಲ್ಲಿ ಚುಚ್ತದೆ."

"ಮದುವೆಯಾಗುವವರೆಗೆ ತಡ್ಕೋ!"

ಎದುರಿನ ಸೋಡಾ ಅಂಗಡಿಯ ಹನೀಫಾ ಬಾಗಿಲಲ್ಲಿ ತಲೆ ಹಾಕಿದ. "ರುಕ್ಮಣ್ಣ, ಬಸ್ಸು ಬಂತು. ತಾಯಿ, ಮಗ ಇಬ್ಬರೇ. ಕೈಯಲ್ಲಿ ಒಂದು ಗಂಟು ಉಂಟು. ಹೆಂಗಸಿನ ಮುಖ ನೋಡಿದ್ರೆ ಕೋರ್ಟಿಗೆ ಹೋಗುವ ಹಾಗೆ ಉಂಟು."

ಲಕ್ಕಮ್ಮ ಬಂದು ಚಾಪೆಯ ಮೇಲೆ ಕೂತಳು. ಬೆಲ್ಲ ನೀರು ಕುಡಿದಳು. ಗಂಟನ್ನು ಮಡಿಲಿನಿಂದ ಇಳಿಸಲಿಲ್ಲ. ನೀಲಾವತಿ ಕಾಫಿ ತಂದಾಗ ಲಕ್ಕಮ್ಮನ ಕಣ್ಣು ಮುಖ ನೋಡಲಿಲ್ಲ, ನೇರ ಸೊಂಟಕ್ಕೆ ಹೋಯಿತು.

"ಒಂಚೂರು ತಿರುಗವ್ವ" ಎಂದಳು ಲಕ್ಕಮ್ಮ.

ನೀಲಾವತಿ ತಿರುಗಿದಳು. ಲಕ್ಕಮ್ಮ ಮಗನ ಕಿವಿಯ ಹತ್ತಿರ ಬಗ್ಗಿ ನಾಲ್ಕು ಬೆರಳು ತೋರಿಸಿದಳು, ಆಮೇಲೆ ಎರಡು ಮಡಚಿದಳು. ಹುಡುಗ ನೆಲ ನೋಡಿದ. ಸೇಸಮ್ಮ ಅಡಿಗೆಮನೆಯ ಬಾಗಿಲಲ್ಲಿ ದೇವರ ಹೆಸರು ಹೇಳತೊಡಗಿದಳು. ಚುಚ್ಚುತ್ತಿದ್ದ ಕಂಕುಳಿಗೆ ನೀಲಾವತಿ ಭುಜ ಕುಣಿಸಿದಳು. ಮಲ್ಲಿಗೆ ಒಂದು ಸುತ್ತು ಜಾರಿತು.

"ಸೊಂಟಕ್ಕೆ ಮುಟ್ಟುತ್ತೆ ಬಿಡು, ಹೆಂಗೋ" ಎಂದು ಲಕ್ಕಮ್ಮ ಮಗನಿಗೆ ಹೇಳಿದ್ದು ಕೇಳಿಸಿತು.

ರುಕ್ಮಯ್ಯನಿಗೆ ಹೋದ ಉಸಿರು ವಾಪಸು ಬಂತು. ತುಕ್ರಪ್ಪ ತುಟಿಯಂಚಿನಲ್ಲಿ ನಕ್ಕ.

ಲಕ್ಕಮ್ಮ ಗಂಟು ಬಿಚ್ಚಿದಳು. ಒಳಗಿತ್ತು ಬೆಳ್ಳಿಯ ಸೊಂಟದ ಪಟ್ಟಿ, ಎರಡು ಬೆರಳು ಅಗಲದ್ದು.

"ನೋಡಿ ಅಣ್ಣಯ್ಯ, ಬೇಜಾರು ಮಾಡ್ಕೋಬ್ಯಾಡಿ. ನಾಲ್ಕು ಬೆರಳಿಂದು ನಮ್ಮ ಕೈಲಿ ಆಗ್ಲಿಲ್ಲ. ಎರಡು ಎಮ್ಮೆ ಮಾರಿದ್ವಿ, ಎರಡೇ ಬೆರಳಾಯ್ತು."

"ಎಂಥ ನಾಲ್ಕು ಬೆರಳು?"

ಹುಡುಗ ಜೇಬಿನಿಂದ ಕಾರ್ಡು ತೆಗೆದು ಮೆಲ್ಲನೆ ಓದಿದ. "ಸೊಂಟಕ್ಕೆ ಕೊಡಿ. ನಾಲ್ಕು ಬೆರಳು ಬೇಕು. ಆರು ತಿಂಗಳು ಕಾಯುವ."

ತುಕ್ರಪ್ಪ ರುಕ್ಮಯ್ಯನ ಕಾಲು ತುಳಿದು, "ಸುಮ್ಮನಿರು, ಬಂದದ್ದು ಬರಲಿ" ಎಂದು ಪಿಸುಗುಟ್ಟಿದ. ಆದರೆ ಎರಡು ಎಮ್ಮೆ ರುಕ್ಮಯ್ಯನ ಕಣ್ಣ ಮುಂದೆ ಬಂದು ನಿಂತವು. ಅವನಿಗೆ ತಡೆಯಲಾಗಲಿಲ್ಲ.

"ಅಯ್ಯೋ ಅಮ್ಮಾ, ನಾನು ಪಟ್ಟಿ ಕೇಳಲಿಲ್ಲ! ನಾನು ಬರೆದದ್ದು ಕೊಡಿ ಅಂತ."

"ಅದೇ ಅಲ್ವಾ, ಕೊಡಿ ಅಂದ್ರಿ, ತಂದ್ವಿ."

"ಕೊಡಿ ಅಂದರೆ ಕೊಡುವುದಲ್ಲ. ಕೊಡಿ!"

"ಕೊಡ್ತಾ ಇದ್ದೀವಲ್ಲ, ತಗೊಳ್ಳಿ!"

"ಹಾಗಲ್ಲಮ್ಮಾ, ಕೂದಲಿಗೆ ಇರ್ತದಲ್ಲ, ಕೊಡಿ! ಇದು, ಇದು ಕೊಡಿ!" ಎಂದು ರುಕ್ಮಯ್ಯ ಎದ್ದು ತಂಗಿಯ ಜಡೆಯ ತುದಿ ಹಿಡಿದು ಎತ್ತಿ ತೋರಿಸಿದ.

ಜಡೆ ಅವನ ಕೈಗೆ ಬಂತು.

ಲಕ್ಕಮ್ಮ ಚೌರಿ ನೋಡಿದಳು, ನೀಲಾವತಿಯ ಬೆನ್ನು ನೋಡಿದಳು. "ಇದೇನು?"

ತುಕ್ರಪ್ಪ ಹೊರಗೆ ನೋಡಿದ. ನೀಲಾವತಿಯೇ ಬಾಯಿ ಬಿಟ್ಟಳು. "ಅದು ಇವರ ನಾಟಕದ್ದು. ನನ್ನದು ನಿನ್ನೆವರೆಗೆ ಸೊಂಟಕ್ಕೇ ಇತ್ತು. ಇವತ್ತು ಬೆಳಿಗ್ಗೆ ಅಣ್ಣ ಅದನ್ನು ರವಕೆಗೆ ಹೊಲಿದ." ಎಂದವಳೇ ಎಡತೋಳಿನ ಅಂಚು ಮಗುಚಿದಳು. ಹೊಲಿಗೆಯಿಂದ ಕಪ್ಪು ಕೂದಲಿನ ಕುಚ್ಚು ಇಣುಕಿತು.

ಲಕ್ಕಮ್ಮ ಅದನ್ನು ಮುಟ್ಟಿ ನೋಡಿದಳು. ಬೆರಳಲ್ಲಿ ತಿಕ್ಕಿದಳು. ಆಮೇಲೆ ನಗಲು ಶುರುಮಾಡಿದಳು. ಕಣ್ಣೊರೆಸಿಕೊಳ್ಳಲು ಸೆರಗು ಸಾಲಲಿಲ್ಲ. ಹುಡುಗ ಮೊದಲ ಸಲ ತಲೆಯೆತ್ತಿ ನೀಲಾವತಿಯ ಮುಖ ನೋಡಿದ, ಆಮೇಲೆ ನೋಡುತ್ತಲೇ ಇದ್ದ.

"ಕೂದಲು ರೇಷ್ಮೆ ಇದ್ದಂಗಿದೆ, ಒಂದೂ ಸೀಳಿಲ್ಲ. ಹುಡುಗಿ ಒಪ್ಪಿಗೆ" ಎಂದಳು ಲಕ್ಕಮ್ಮ. ರುಕ್ಮಯ್ಯ ಕೈ ಮುಗಿಯಲು ಎದ್ದ. ಅಷ್ಟರಲ್ಲಿ ಅವಳು ಪಟ್ಟಿಯನ್ನು ಮತ್ತೆ ಗಂಟು ಕಟ್ಟಿದಳು. "ನೀವು ಕೇಳೇ ಇಲ್ಲ ಅಂದ ಮೇಲೆ ಇದು ಯಾಕೆ? ಎಮ್ಮೆ ವಾಪಸ್ ತರ್ತೀನಿ. ಆದ್ರೆ ನನ್ನ ಮಾತು ಮಾತೇ. ಜಡೆ ಸೊಂಟ ಮುಟ್ಟಲಿ, ಅವತ್ತೇ ಮದುವೆ ದಿನ ಗೊತ್ತು ಮಾಡೋಣ. ಅಂದ ಹಾಗೆ, ಆ ಎಣ್ಣೆ ಯಾವುದು? ನನ್ನದೂ ಉದುರ್ತಾ ಇದೆ."

ಸೇಸಮ್ಮ ಯಾರ ಅಪ್ಪಣೆಯೂ ಇಲ್ಲದೆ ಉಳಿದ ಎಣ್ಣೆಯ ಕುಪ್ಪಿ ತಂದು ಅವಳ ಕೈಗಿಟ್ಟಳು.

ಬಸ್ಸು ಹತ್ತುವ ಮೊದಲು ಲಕ್ಕಮ್ಮ ಕಾರ್ಡನ್ನು ರುಕ್ಮಯ್ಯನಿಗೆ ಕೊಟ್ಟಳು. "ಬೇರೆ ಬರೆಯೋದು ಬ್ಯಾಡ, ಇದನ್ನೇ ಇಟ್ಕೊಳ್ಳಿ. ಈಗ ನಮಗೆ ಅರ್ಥ ಆಯ್ತು."

ಬಸ್ಸಿನ ಧೂಳಿನಲ್ಲಿ ನಿಂತು ರುಕ್ಮಯ್ಯ ತನ್ನದೇ ಅಕ್ಷರ ಓದಿದ. ಸೊಂಟಕ್ಕೆ ಕೊಡಿ ನಾಲ್ಕು ಬೆರಳು ಬೇಕು ಆರು ತಿಂಗಳು ಕಾಯುವ. ಇವತ್ತಿಗೂ ಒಂದಕ್ಷರವೂ ತಪ್ಪಿರಲಿಲ್ಲ.

ಹೋದದ್ದು: ನಾಲ್ಕು ಬೆರಳು ಕೂದಲು, ಒಂದು ಬೆಳ್ಳಿಯ ಪಟ್ಟಿ, ಅರ್ಧ ಕುಪ್ಪಿ ಎಣ್ಣೆ. ಬಂದದ್ದು: ಹಳೇ ಕಾರ್ಡು ಒಂದು.