ಟವೆಲ್ ಹಿಡಿದ ಡೀಕನ್

ತಿಲಕ್ ನಗರದ ನಮ್ಮ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ನಾನು ಡೀಕನ್ ಆದಮೇಲೆ ಭಾನುವಾರ ಬಂತು ಅಂದ್ರೆ ಹಾಸಿಗೆ ಬಿಟ್ಟು ಏಳೋಕೇ ಮನಸ್ಸಾಗಲ್ಲ. ನಾನು ಹುಟ್ಟಾ ಪುಕ್ಕಲ. ಪುಕ್ಕಲನಿಗೆ ಜವಾಬ್ದಾರಿ ಕೊಟ್ಟರೆ ಏನೇನಾಗಬೇಕೋ ಅದೆಲ್ಲ ಆಗ್ತಾನೇ ಇದೆ.

ಕೈ ಎತ್ತಿದ್ದು

ನಮ್ಮಲ್ಲಿ ಬೋಧನೆ, ದೀಕ್ಷಾಸ್ನಾನ ಎಲ್ಲ ಸಭೆಯ ಹಿರಿಯರ ಕೆಲಸ, ಅಂದ್ರೆ ಎಲ್ಡರ್‌ದು. ಕುರ್ಚಿ ಜೋಡಿಸೋದರಿಂದ ಹಿಡಿದು ಕಾಯಿಲೆಯವರನ್ನ ವಿಚಾರಿಸೋವರೆಗೆ ಡೀಕನ್‌ದು. ಡೀಕನ್ನರನ್ನ ಸಭೆಯವರೇ ಕೈ ಎತ್ತಿ ಆರಿಸ್ತಾರೆ. ನನ್ನ ಹೆಸರು ಬಂದಾಗ ಯಾರೂ ಎತ್ತದಿರಲಪ್ಪ ಅಂತ ಕಣ್ಣು ಮುಚ್ಚಿ ಬೇಡ್ಕೊಂಡೆ. ಕಣ್ಣು ಬಿಟ್ಟರೆ ಇಡೀ ಹಾಲ್ ಕೈ ಎತ್ತಿದೆ, ಎಲ್ಲರಿಗಿಂತ ಮೇಲೆ ನನ್ನ ಹೆಂಡತಿಯ ಕೈ! ಯಾಕೆ ಹಿಂಗೆ ಮಾಡ್ದೆ ಅಂತ ಕೇಳಿದ್ದಕ್ಕೆ, ಮನೇಲಂತೂ ಒಂದು ಕೆಲಸ ಮಾಡಲ್ಲ, ಅಲ್ಲಾದ್ರೂ ಮಾಡಿ ಅಂದಳು.

ತಟ್ಟೆ

ನಮ್ಮ ಎಲ್ಡರ್ ರಿಟೈರ್ಡ್ ಹೆಡ್‌ಮಾಸ್ಟರ್. ಅವರು ಕನ್ನಡಕದ ಮೇಲಿಂದ ನೋಡಿದರೆ ಈ ವಯಸ್ಸಲ್ಲೂ ಹೋಂವರ್ಕ್ ಮಾಡಿಲ್ಲ ಅನ್ನಿಸುತ್ತೆ. ತಿಂಗಳಿಗೊಮ್ಮೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚೋ ಕರ್ತನ ಭೋಜನದ ತಟ್ಟೆಯನ್ನ ಮೊದಲ ಸಲ ಹಿಡಿದಾಗ ಅವರು ಹಾಗೇ ನೋಡಿದರು. ತಟ್ಟೆ ಅಲ್ಲಾಡಿ, ದ್ರಾಕ್ಷಾರಸದ ಪುಟಾಣಿ ಲೋಟಗಳೆಲ್ಲ ಹಾಲ್ ತುಂಬಾ ಸದ್ದು ಮಾಡಿದವು. ಇವತ್ತೇ ನನ್ನ ಕಿತ್ತುಹಾಕ್ತಾರೆ ಅಂದ್ಕೊಂಡೆ. ಕೊನೆಗೆ ಜಯನಗರದ ಆಂಟಿ ಒಬ್ಬರು ಬಂದು, ಆ ಕಿಣಿಕಿಣಿ ಕೇಳಿ ನಂಗೆ ಭಕ್ತಿ ಉಕ್ಕಿಬಂತು, ಮುಂದಿನ ತಿಂಗಳೂ ನೀವೇ ತನ್ನಿ ಅಂದರು.

ತೊಟ್ಟಿ

ನಮ್ಮಲ್ಲಿ ತಲೆ ಮೇಲೆ ನೀರು ಚಿಮುಕಿಸಿದರೆ ದೀಕ್ಷಾಸ್ನಾನ ಆಗಲ್ಲ, ಪೂರ್ತಿ ಮುಳುಗಬೇಕು. ಅದಕ್ಕೇ ವೇದಿಕೆಯ ಹಲಗೆ ಕೆಳಗೆ ಒಂದು ತೊಟ್ಟಿ ಇದೆ. ವಿಲ್ಸನ್ ಗಾರ್ಡನ್‌ನ ಅಜ್ಜಿ ಒಬ್ಬರು ಎರಡು ಸಲ ಅದರ ಮೆಟ್ಟಿಲವರೆಗೂ ಬಂದು, ನೀರು ನೋಡಿ ಹೆದರಿ ವಾಪಸ್ ಹೋಗಿದ್ದರು. ಈ ಸಲವೂ ಆಗದಿದ್ದರೆ ಇನ್ನು ದೀಕ್ಷಾಸ್ನಾನವನ್ನೇ ಕೇಳಲ್ಲ ಅಂತ ಅತ್ತುಬಿಟ್ಟರು. ಎಲ್ಡರ್ ನನ್ನ ಕರೆದು, ತೊಟ್ಟಿ ತುಂಬಿಸಿ, ಟವೆಲ್ ಹಿಡ್ಕೊಂಡು ನಿಂತು ಅವರಿಗೆ ಧೈರ್ಯ ಹೇಳಿ ಅಂದರು. ಲಾಲ್‌ಬಾಗ್ ಕೆರೆ ಕಂಡರೂ ಮರ ತಬ್ಬಿಕೊಳ್ಳೋ ನಾನು ಧೈರ್ಯ ಹೇಳಬೇಕಂತೆ! ವಾರವಿಡೀ ಕನ್ನಡಿ ಮುಂದೆ ನಿಂತು, ಹೆದರ್ಬೇಡಿ ಅಜ್ಜಿ, ಮುಗೀತು ಅಂತ ಪ್ರಾಕ್ಟೀಸ್ ಮಾಡಿದೆ.

ಶನಿವಾರ ತೊಟ್ಟಿಗೆ ನೀರು ಬಿಟ್ಟೆ. ನೀರು ಏರ್ತಾ ಏರ್ತಾ ನನ್ನ ಜೀವ ಬಾಯಿಗೆ ಬಂತು. ಪಾಪ, ಅಜ್ಜಿ ಉಸಿರುಕಟ್ಟಿ ಏನಾದ್ರೂ ಆಗಿಬಿಟ್ಟರೆ? ಮೊಣಕಾಲು ಮಟ್ಟ ಬರ್ತಿದ್ದ ಹಾಗೇ ನಲ್ಲಿ ನಿಲ್ಲಿಸಿಬಿಟ್ಟೆ.

ಭಾನುವಾರ ಎಲ್ಡರ್ ಬಿಳಿ ನಿಲುವಂಗಿ ಹಾಕ್ಕೊಂಡು ಗಂಭೀರವಾಗಿ ಇಳಿದರು. ಇಳಿದು, ಕೆಳಗೆ ನೋಡಿ, ಆಮೇಲೆ ಕನ್ನಡಕದ ಮೇಲಿಂದ ನನ್ನ ನೋಡಿದರು. ನಾನು ಟವೆಲ್ಲಿನಲ್ಲಿ ಮುಖ ಮುಚ್ಕೊಂಡೆ. ಅಷ್ಟರಲ್ಲಿ ಅಜ್ಜಿ ಬಗ್ಗಿ ನೋಡಿ, "ಇಷ್ಟೇನಾ?" ಅಂತ ತಾವೇ ಇಳಿದು ನೀರಲ್ಲಿ ಕೂತುಬಿಟ್ಟರು. ಎಲ್ಡರ್ ಬೇರೆ ದಾರಿ ಇಲ್ಲದೆ ಮಂಡಿಯೂರಿ, ಅವರನ್ನ ಹಿಂದಕ್ಕೆ ಒರಗಿಸಿ ಪೂರ್ತಿ ಮುಳುಗಿಸಿದರು. ಅಜ್ಜಿ ನಗ್ತಾ ಎದ್ದರು, ಸಭೆಯವರು ಹಾಡೋಕೆ ಶುರು ಮಾಡಿದರು.

ಎಲ್ಡರ್‌ಗೆ ಮಾತ್ರ ಏಳೋಕಾಗಲಿಲ್ಲ, ಮಂಡಿ ಹಿಡ್ಕೊಂಡಿತ್ತು. ನನ್ನ ಕಡೆ ಕೈ ಚಾಚಿದರು. ಟವೆಲ್ ಮೆಟ್ಟಿಲ ಮೇಲೆ ಬಿಸಾಕಿ ಓಡಿದೆ, ಜಾರಿದೆ, ತಲೆಕೆಳಗಾಗಿ ಬಿದ್ದೆ. ಮೊಣಕಾಲುದ್ದದ ನೀರಲ್ಲಿ ಸತ್ತೇ ಹೋದೆ ಅಂತ ಎಲ್ಡರ್ ಕುತ್ತಿಗೆಗೆ ಜೋತುಬಿದ್ದೆ. ಹಾಡು ನಿಂತುಹೋಯ್ತು.

ಯಾರೋ ನನ್ನ ಹೆಗಲಿಗೆ ಟವೆಲ್ ಹೊದಿಸಿದರು. ಕಣ್ಣು ಬಿಟ್ಟು ನೋಡಿದರೆ ಅಜ್ಜಿ. ತಾವೇ ಗಡಗಡ ನಡುಗ್ತಾ ನನ್ನ ಬೆನ್ನು ಸವರಿ ಹೇಳಿದರು: "ಹೆದರ್ಬೇಡ ಕಣಪ್ಪಾ, ಮುಗೀತು."