ಸಾವಿನ ಮನೆಯ ಪದ ಯೂಟ್ಯೂಬಿಗೆ ಹೋದದ್ದು

೧. ಹೆಣ ಬೇಕು

ಹನೂರಿನ ಮೊಬೈಲ್ ಅಂಗಡಿಯವನು ನಮ್ಮ ಭಜನೆ ತಂಡವನ್ನು ಹುಡುಕಿಕೊಂಡು ಬಂದ.

“ನಿಮ್ ಪದನ ಯೂಟ್ಯೂಬಿಗೆ ಆಕ್ತೀನಿ ಸಾ. ಮನೇಲಿ ಕುಂತಿದ್ರೂ ದುಡ್ಡು ಬತ್ತದೆ.”

ನಾವು ಹಾಡುವುದು ಸಾವಿನ ಮನೆಯಲ್ಲಿ. ಸಂಪಾದನೆ ಅದೊಂದೇ. ಹೆಣವಿಲ್ಲದ ಕಡೆ ಆ ಪದ ಎತ್ತುವ ಹಾಗಿಲ್ಲ; ಮನೆಯಲ್ಲಿ ಗುನುಗಿದರೂ ಹೆಂಡತಿ ಸೌಟು ಎತ್ತುತ್ತಾಳೆ. ಹಾಗೆಂದೆ.

“ಅಂಗಾರೆ ಕಾಯ್ತೀನಿ ಬುಡಿ” ಎಂದ.

ದಿನಾ ಫೋನು. “ಯಾರಾರ ಓದ್ರಾ ಸಾ?”

“ಇನ್ನೂ ಇಲ್ಲ ಕಣ್ಲಾ.”

ಕೊನೆಗೆ ಶಾಗ್ಯದಲ್ಲಿ ಒಬ್ಬ ಮುದುಕ ಹೋದ. ಕ್ಯಾಮೆರಾ ಬಂತು. ಹಾಡಿದೆವು. ನಡುವೆ ಅಂಗಡಿಯವನು ಅಳುವ ಹೆಂಗಸರ ಕಡೆ ತಿರುಗಿದ. “ಅಕ್ಕಾ, ವಸಿ ಮೆಲ್ಲಗೆ ಅಳಿ. ಆರ್ಮೋನಿ ಕೇಳ್ತಾ ಇಲ್ಲ.”

೨. ಹಾರ

ಅಂಗಡಿಯವನು ವಿಡಿಯೋದ ಮುಖಕ್ಕೆ ನನ್ನ ಫೋಟೋ ಹಾಕಿ, ಸುತ್ತ ಚೆಂಡುಹೂವು ಬಿಡಿಸಿದ್ದ. ಕೆಳಗೆ ಜನ ‘ಓಂ ಶಾಂತಿ’ ಎಂದು ಬರೆದರು. ಪದಕ್ಕೆ ಕರೆಯುವುದು ನಿಂತಿತು. ಸತ್ತವನಿಗೆ ಯಾರು ಫೋನು ಮಾಡುತ್ತಾರೆ?

ಕೊಳ್ಳೇಗಾಲದಿಂದ ಹೆಂಡತಿಯ ತಮ್ಮ ಹಾರ ಹಿಡಿದು ಓಡಿಬಂದ. ನಾನು ಜಗಲಿಯಲ್ಲಿ ಮುದ್ದೆ ಉಣ್ಣುತ್ತಿದ್ದೆ.

“ಇದ್ದೀರಾ ಭಾವ?”

“ಇವ್ನಿ.”

“ಹೂವಿನೋನು ವಾಪಸ್ ತಕಳಕಿಲ್ಲ. ನೀವೇ ಆಕಬುಡಿ.”

ಹಾಕಿಕೊಂಡೇ ಉಂಡೆ.

೩. ಸಿದ್ದಪ್ಪ ಯಾರು?

ದುಡ್ಡು ಎಲ್ಲಿ ಎಂದು ಅಂಗಡಿಯವನನ್ನು ಕೇಳಿದೆ.

“ವ್ಯೂಸ್ ಸಾಲ್ದು ಸಾ. ಚಳಿಗಾಲ ಬರ್ಲಿ, ಮುದುಕ್ರು ಜಾಸ್ತಿ ಓಯ್ತರೆ.”

ಅಷ್ಟರಲ್ಲಿ ಯಳಂದೂರಿನ ಹತ್ತಿರ ಅಗರದಲ್ಲಿ ಒಬ್ಬ ಅಜ್ಜಿ ತೀರಿಕೊಂಡಳು. ಕರೆ ಬರಲಿಲ್ಲ. ಸಂಪಾದನೆ ಬೇಕಲ್ಲ, ನಾವೇ ಹೋದೆವು. ಹೆಣದ ಪಕ್ಕ ಸ್ಪೀಕರು. ಅದರೊಳಗೆ ನನ್ನ ಗಂಟಲು.

“ಓ, ಇದ್ದೀರಾ? ಕುಂತ್ಕಳಿ ಸಾ” ಎಂದ ಅಜ್ಜಿಯ ಮಗ. “ನಿಮ್ದೇ ಪದ ಆಕಿವಿ. ನಿಮ್ಗ್ಯಾಕೆ ತೊಂದ್ರೆ.”

ಕುಳಿತೆವು. ನಮ್ಮ ತಾಳದವನು ಸುಮ್ಮನಿರಲಾರದೆ ಸ್ಪೀಕರಿಗೆ ತಾಳ ಹಾಕಿದ.

ಸತ್ತವರ ಹೆಸರನ್ನು ಪದದೊಳಗೆ ಸೇರಿಸಿ ಹಾಡುವುದು ನಮ್ಮ ಪದ್ಧತಿ. ಶಾಗ್ಯದ ಮುದುಕನ ಹೆಸರು ಸಿದ್ದಪ್ಪ. ಸ್ಪೀಕರು ಅಜ್ಜಿಯ ಕಿವಿಯ ಹತ್ತಿರ, “ಸಿದ್ದಪ್ಪಾ, ನನ್ನ ಬಿಟ್ಟು ಎಲ್ಲಿಗೆ ಹೋದೆ” ಎಂದು ಗೋಗರೆಯಿತು.

ಅಳು ನಿಂತಿತು.

“ಯಾರಮ್ಮಿ ಸಿದ್ದಪ್ಪ?” ಎಂದಳು ಹಿರಿ ಸೊಸೆ.

“ಅತ್ತೆ ಒಂದಿನನೂ ಏಳ್ನಿಲ್ಲ ಕನಕ್ಕ” ಎಂದಳು ಕಿರಿ ಸೊಸೆ.

ಗೋಡೆಗೊರಗಿದ್ದ ಅಜ್ಜ, ಸತ್ತವಳ ಗಂಡ, ಕೋಲೂರಿ ಎದ್ದ. “ಯಾವನ್ಲಾ ಅವ್ನು?”

“ಅದು ಫೋನಿಂದ ಬತ್ತಿರೋದು ಕನಪ್ಪ” ಎಂದ ಮಗ.

“ಫೋನ್ ಬೇರೆ ಮಾಡ್ತಿದ್ನಾ?”

ಸ್ಪೀಕರಿಗೆ ಕೋಲಿನ ಏಟು ಬಿತ್ತು. ಅಜ್ಜಿಯ ಹೆಸರು ಸೇರಿಸಿ ನಾವು ಹಾಡಿದೆವು. ಕೂಲಿ ಕೊಟ್ಟರು.