ಆ ಕಡೆ ಏನಾದರೂ ಬರುತ್ತಿದೆಯೇ?

ನನಗೆ ಕಾರು ಓಡಿಸಲು ಬರುತ್ತದೆ ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ನಂಬದಿರಲು ಕಾರಣವೂ ಇರಲಿಲ್ಲ. ಗಂಗಾವತಿಯಿಂದ ಕೊಪ್ಪಳದ ಕೋರ್ಟಿಗೆ, ಕುಷ್ಟಗಿಯ ಮದುವೆಗೆ, ಯಲಬುರ್ಗಾದ ತೊಟ್ಟಿಲು ಕಾರ್ಯಕ್ಕೆ ಮನೆಮಂದಿಯನ್ನೆಲ್ಲ ತುಂಬಿಕೊಂಡು ಹೋಗಿ, ಒಬ್ಬರೂ ಕಡಿಮೆಯಾಗದಂತೆ ವಾಪಸು ತಂದವನು ನಾನು. ಭತ್ತದ ಲಾರಿ, ರಸ್ತೆಯ ತುಂಬ ಮೈಚಾಚಿಕೊಂಡು ಬರುವ ಕೊಯ್ಲಿನ ಯಂತ್ರ, ಯಾವ ಹಾರ್ನಿಗೂ ಸೊಪ್ಪು ಹಾಕದ ಕುರಿಹಿಂಡು, ಇವೆಲ್ಲವುಗಳ ನಡುವೆ ನನ್ನ ಗಾಡಿಗೆ ಒಂದು ಗೀರೂ ಬಿದ್ದಿರಲಿಲ್ಲ. ಹೀಗಾಗಿ ಮಸ್ಕತ್ತಿನ ಅಕ್ಕಿ ಕಂಪನಿಯೊಂದರಲ್ಲಿ ಕೆಲಸ ಸಿಕ್ಕು, ಅಲ್ಲಿಯ ಮ್ಯಾನೇಜರು "ಅಂಗಡಿ ಅಂಗಡಿ ಸುತ್ತುವ ಕೆಲಸ ಇದು, ಇಲ್ಲಿಯ ಲೈಸೆನ್ಸ್ ಮಾಡಿಸಿಕೊಳ್ಳಿ, ಆಗದಿದ್ದರೆ ನಿಮ್ಮನ್ನು ಊರಿಗೆ ಕಳಿಸಬೇಕಾಗುತ್ತದೆ" ಎಂದಾಗ ನಾನು ನಕ್ಕುಬಿಟ್ಟಿದ್ದೆ. ಆ ನಗು ನೆನಪಾದರೆ ಈಗ ಮೈಯೆಲ್ಲ ಮುದುಡಿಕೊಳ್ಳುತ್ತದೆ.

ವಿಷಯ ಏನೆಂದರೆ, ನಮ್ಮ ಕಡೆ ಕಾರನ್ನು ಒಬ್ಬರೇ ಓಡಿಸುವ ಪದ್ಧತಿಯಿಲ್ಲ. ಸ್ಟೇರಿಂಗ್ ಹಿಡಿಯುವವನು ಒಬ್ಬ, ಉಳಿದದ್ದೆಲ್ಲ ಹಂಚಿಕೆಯ ಕೆಲಸ. ನನ್ನ ಗಾಡಿಯಲ್ಲಿ ಎಡಗಡೆಯ ಸೀಟು ನಮ್ಮ ಸೋದರಮಾವ ಬಸಪ್ಪನವರದು. ಅವರು ಜನ್ಮದಲ್ಲಿ ಸ್ಟೇರಿಂಗ್ ಮುಟ್ಟಿದವರಲ್ಲ, ಆದರೆ ಜಗತ್ತಿನ ಎಡಭಾಗವೆಲ್ಲ ಅವರ ಸುಪರ್ದಿಯಲ್ಲಿತ್ತು. ಕೂಡುರಸ್ತೆ ಬಂದರೆ ಸಾಕು, ನಾನು "ಮಾಮಾ, ಆ ಕಡಿ ಏನರ ಬರಾಕತ್ತೈತೇನು?" ಎನ್ನುತ್ತಿದ್ದೆ. "ಎಮ್ಮಿ ಬರಾಕತ್ತೈತಿ, ತಡಿ ಅಳಿಯಾ" ಅಂದರೆ ತಡೆಯುತ್ತಿದ್ದೆ. "ಏನೂ ಇಲ್ಲ, ಹೊಡಿ" ಅಂದರೆ ಹೊಡೆಯುತ್ತಿದ್ದೆ. ಕುತ್ತಿಗೆ ಹೊರಳಿಸುವ ತೊಂದರೆಯೇ ಇರಲಿಲ್ಲ. ಇನ್ನು ಹಿಂದಕ್ಕೆ ತೆಗೆಯುವಾಗಲಂತೂ ಇಡೀ ಓಣಿಯೇ ಓಡಿಬರುತ್ತಿತ್ತು. ಚಹಾ ಕುಡಿಯುತ್ತಿದ್ದವರು ಕಪ್ಪು ಕೈಯಲ್ಲಿ ಹಿಡಿದುಕೊಂಡೇ ಬಂದು ನಿಂತು "ಬರ್ಲಿ, ಬರ್ಲಿ, ಬರ್ಲಿ... ಹಾಂ, ಸಾಕ್ರಿ!" ಎಂದು ಹೇಳಿ, ಮತ್ತೆ ತಮ್ಮ ಚಹಾದ ಕಡೆ ನಡೆಯುತ್ತಿದ್ದರು. ನಾನು ಅದನ್ನೆಲ್ಲ ನನ್ನದೇ ಕೌಶಲ ಅಂದುಕೊಂಡಿದ್ದೆ.

ಮಸ್ಕತ್ತಿನ ಮೊದಲ ಪರೀಕ್ಷೆಯೇ ಡ್ರಮ್ಮುಗಳ ನಡುವೆ ಗಾಡಿಯನ್ನು ಹಿಂದಕ್ಕೆ ತೆಗೆದು ನಿಲ್ಲಿಸುವುದು. ಅಲ್ಲಿ ಸ್ಟೇರಿಂಗ್ ಎಡಕ್ಕೆ, ರಸ್ತೆ ಬಲಕ್ಕೆ. ಅದಕ್ಕೆ ಹೇಗೋ ಒಗ್ಗಿಕೊಂಡಿದ್ದೆ. ರಿವರ್ಸ್ ಗೇರ್ ಹಾಕಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, ಅಭ್ಯಾಸಬಲದಿಂದ ಕಾದೆ. ಯಾರೂ "ಬರ್ಲಿ" ಅನ್ನಲಿಲ್ಲ. ಮೈದಾನದ ಅಂಚಿನಲ್ಲಿ ಸಾಕಷ್ಟು ಜನ ಸಾಲಾಗಿ ನಿಂತಿದ್ದರು, ಒಬ್ಬನ ಬಾಯಿಯೂ ಬಿಚ್ಚಲಿಲ್ಲ. ಆಗ ನನಗೆ ನಿಜವಾಗಿಯೂ ನಮ್ಮ ಓಣಿ ನೆನಪಾಯಿತು. ಆ ದುಃಖದಲ್ಲೇ ಗಾಡಿ ಬಿಟ್ಟೆ, ಡ್ರಮ್ಮು ಉರುಳಿತು. ಸದ್ದಿಗೆ ಗಾಬರಿಯಾಗಿ ಮುಂದಕ್ಕೆ ತೆಗೆದೆ, ಮುಂದಿನದೂ ಉರುಳಿತು.

ಸಂಜೆ ಮಾಮಾನಿಗೆ ಫೋನ್ ಮಾಡಿದೆ. "ಅಲ್ಲೇ ಹಿಂದ ಯಾರೂ ನಿಂತಿರಲಿಲ್ಲೇನು?" ಎಂದು ಕೇಳಿದರು. ಇಲ್ಲ ಎಂದೆ. "ಎಂಥಾ ಮಂದಿ ಅದಾರಪಾ ಅವರು!" ಎಂದು ಬೇಸರಪಟ್ಟುಕೊಂಡರು. ಜಗತ್ತಿನಲ್ಲಿ ನನ್ನನ್ನು ಅರ್ಥ ಮಾಡಿಕೊಂಡವರು ಅವರೊಬ್ಬರೇ ಎನಿಸಿತು. ನನ್ನ ಹೆಂಡತಿ ಗಿರಿಜಾ ಮಾತ್ರ ಅಡುಗೆಮನೆಯಿಂದಲೇ ನಗುತ್ತಿದ್ದಳು. ಊರಲ್ಲಿ ಸ್ಕೂಟಿಯನ್ನೂ ಮುಟ್ಟದಿದ್ದ ಅವಳು ನನ್ನ ಜೊತೆ ಮಸ್ಕತ್ತಿಗೆ ಬಂದು ಕಾರು ಕಲಿತು ಒಂದೇ ಏಟಿಗೆ ಪಾಸಾಗಿದ್ದಳು. ಕಂಪನಿಗೆ ನನ್ನನ್ನು ಬಿಟ್ಟುಬರುವವಳೂ ಅವಳೇ. ಗೇಟಿನ ಮುಂದೆ ಅವಳ ಗಾಡಿಯಿಂದ ಊಟದ ಡಬ್ಬಿ ಹಿಡಿದು ಇಳಿಯುವಾಗ ನಾನು ಬೇಕೆಂತಲೇ ಫೋನಿನಲ್ಲಿ ಮಾತಾಡುತ್ತಿರುವಂತೆ ನಟಿಸುತ್ತಿದ್ದೆ.

ಡ್ರಮ್ಮಿನ ಪರೀಕ್ಷೆ ಹೇಗೋ ದಾಟಿ ರಸ್ತೆಯ ಪರೀಕ್ಷೆಗೆ ಬಂದೆ. ಪಕ್ಕದಲ್ಲಿ ಕುಳಿತ ಅಧಿಕಾರಿ ಗಂಭೀರ ಮನುಷ್ಯ, ಹಿಂದಿ ಬಲ್ಲವರು. ಪಕ್ಕದ ಸೀಟಿನಲ್ಲಿ ಜನ ಕಂಡದ್ದೇ ನನಗೆ ಎಲ್ಲಿಲ್ಲದ ಧೈರ್ಯ ಬಂತು. ಸುಸೂತ್ರವಾಗಿ ಓಡಿಸಿದೆ. ದೊಡ್ಡ ಕೂಡುರಸ್ತೆ ಬಂತು. ನಾನು ಎದುರಿಗೆ ನೋಡುತ್ತಲೇ, "ಸಾಹೇಬರೇ, ನಿಮ್ಮ ಕಡೆಯಿಂದ ಏನಾದರೂ ಬರುತ್ತಿದೆಯೇ?" ಎಂದು ಹಿಂದಿಯಲ್ಲಿ ಕೇಳಿಬಿಟ್ಟೆ. ಅವರು ಒಳ್ಳೆಯ ಮನುಷ್ಯ, ತಟ್ಟನೆ ಬಲಕ್ಕೆ ಬಗ್ಗಿ ನೋಡಿ "ಇಲ್ಲ" ಎಂದರು. ನಾನು ಹೊಡೆದೆ. ಕೂಡುರಸ್ತೆ ದಾಟಿದ ಮೇಲೆ ಅವರಿಗೆ ತಾವು ಮಾಡಿದ್ದೇನೆಂದು ಹೊಳೆದಿರಬೇಕು. ಗಾಡಿ ಪಕ್ಕಕ್ಕೆ ನಿಲ್ಲಿಸಲು ಹೇಳಿ, "ಪರೀಕ್ಷೆ ನಿನಗೋ ನನಗೋ?" ಎಂದರು. ಆಮೇಲೆ "ಖಲಾಸ್" ಎಂದರು. ಅದರ ಅರ್ಥವನ್ನು ಗಂಗಾವತಿಯವನಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮ್ಯಾನೇಜರು ಇನ್ನೊಂದೇ ಅವಕಾಶ ಎಂದರು. ನನಗೆ ನಿದ್ದೆ ಹಾರಿಹೋಯಿತು. ವಾಪಸು ಹೋದರೆ ಊರಿನವರು ಏನೆಂದು ಕೇಳುತ್ತಾರೆ, ಕಾರು ಓಡಿಸಲು ಬರದೆ ಬಂದೆ ಎಂದು ಯಾವ ಬಾಯಲ್ಲಿ ಹೇಳಲಿ? ಗಿರಿಜಾಳಿಗೂ ನನ್ನ ಮುಖ ನೋಡಿ ಕನಿಕರವಾಯಿತು. "ನಾ ಓಡಿಸ್ತೀನಿ, ನೀವು ಬಾಜೂಕ ಕುಂತು ಸುಮ್ನ ನೋಡ್ರಿ" ಎಂದು ಕರೆದುಕೊಂಡು ಹೋದಳು. ಮೊದಲ ತಿರುವಿನಲ್ಲೇ ನಾನು "ಹಾಂ, ಏನೂ ಇಲ್ಲ, ಹೊಡಿ" ಎಂದೆ. ಅವಳು ಗಾಡಿ ಬದಿಗೆ ನಿಲ್ಲಿಸಿ, "ನನಗೂ ದೇವರು ಎರಡು ಕಣ್ಣ ಕೊಟ್ಟಾನ್ರಿ. ನೀವು ಯಾರ ಕಣ್ಣಾಗ ನೋಡ್ತೀರಿ?" ಎಂದು ಕೇಳಿದಳು. ಉತ್ತರ ನನಗೆ ಗೊತ್ತಿತ್ತು.

ಕೊನೆಯ ಪರೀಕ್ಷೆಗೆ ಅದೇ ಅಧಿಕಾರಿ ಬಂದರು. ಕೂರುತ್ತಲೇ, "ನನ್ನನ್ನು ಏನೂ ಕೇಳಬೇಡ" ಎಂದರು. ನಾನು ಕೇಳಲಿಲ್ಲ. ಬೇರೆ ದಾರಿ ಕಾಣದೆ ಮಾಮಾನ ಕೆಲಸವನ್ನೂ ನಾನೇ ಮಾಡಿದೆ. ತಿರುವು ಬಂದಾಗಲೆಲ್ಲ ಕುತ್ತಿಗೆ ಹೊರಳಿಸಿ, ಮಾಮಾನ ಗಡಸು ದನಿಯಲ್ಲೇ "ಬಿಳೀ ಗಾಡಿ ಬರಾಕತ್ತೈತಿ, ತಡಿ ಅಳಿಯಾ" ಎಂದುಕೊಂಡು ತಡೆದೆ. "ಏನೂ ಇಲ್ಲ, ಹೊಡಿ" ಎಂದುಕೊಂಡು ಹೊಡೆದೆ. ಸ್ವಲ್ಪ ದೂರ ಸಹಿಸಿಕೊಂಡ ಅಧಿಕಾರಿ, "ಯಾರ ಜೊತೆ ಮಾತಾಡುತ್ತಿದ್ದೀಯ?" ಎಂದರು.

"ನಮ್ಮ ಮಾಮಾನ ಜೊತೆ, ಸಾಹೇಬರೇ."

"ಅವರು ಎಲ್ಲಿದ್ದಾರೆ?"

"ಗಂಗಾವತಿಯಲ್ಲಿ."

ಅವರು ಒಮ್ಮೆ ಹಿಂದಿನ ಸೀಟನ್ನು ನೋಡಿ, ತಮ್ಮ ಸೀಟ್ ಬೆಲ್ಟನ್ನು ಬಿಗಿ ಮಾಡಿಕೊಂಡರು. ಗಾಡಿ ನಿಂತ ಮೇಲೆ ನನ್ನನ್ನು ದಿಟ್ಟಿಸಿ, "ಪಾಸ್" ಎಂದು ಹೇಳಿ ಬೇಗ ಇಳಿದುಹೋದರು.

ಸಂಭ್ರಮ ತಡೆಯಲಾರದೆ ಅಲ್ಲಿಂದಲೇ ಮಾಮಾನಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಇದ್ದಂತೆಯೇ ಹೇಳಿದೆ. ಅದೇ ತಪ್ಪಾಯಿತು. ಅವರು, "ಹಂಗಾರ ಪಾಸಾದಾಂವ ನಾನಾ ಅನ್ನು" ಎಂದರು. ಮರುದಿನವೇ ಓಣಿಯಲ್ಲಿ ಪೇಡೆ ಹಂಚಿದರಂತೆ. ಹೊಸದಾಗಿ ಕಾರು ಕೊಂಡವರು ಈಗ ಅವರ ಕಟ್ಟೆಗೆ ಬಂದು ಕುಳಿತು, ಹೊರದೇಶದಲ್ಲಿ ಹೇಗೆ ಓಡಿಸಬೇಕೆಂದು ಸಲಹೆ ಕೇಳುತ್ತಾರಂತೆ. ಮಾಮಾ ಹೇಳುತ್ತಾರಂತೆ. "ನೀವ್ಯಾಕ ಅಲ್ಲಿಗೆ ಹೋಗಲಿಲ್ಲರಿ?" ಎಂದು ಯಾರೋ ಕೇಳಿದ್ದಕ್ಕೆ, "ನಮ್ಮ ಅಳಿಯನ್ನ ಇಟ್ಟೀನಲ್ಲ, ಸ್ಟೇರಿಂಗ್ ಹಿಡ್ಯಾಕ" ಎಂದರಂತೆ.